ಚೆಂಡು ಮತ್ತು ಮೊಹರು

ಕಾಲ್ಚೆಂಡಾಟದ ಬಗ್ಗೆ ಮಾತನಾಡಲು ಕುಳಿತವನಿಂದ ಕೇಳುಗರು ಸಾಮಾನ್ಯವಾಗಿ ನಿರೀಕ್ಷಿಸುವುದು ಗೋಲುಗಳ ವರ್ಣನೆಯನ್ನು. ನಾನು ಈ ಹೊತ್ತು ಒಂದು ಗೋಲನ್ನೂ ಹೊಡೆಯದ, ಚೆಂಡನ್ನು ಕಾಲಿನಿಂದ ಮುಟ್ಟುವ ಅಗತ್ಯವೇ ಇಲ್ಲದ ಒಂದು ಸಂಸ್ಥೆಯ ಬಗ್ಗೆ ಹೇಳಬೇಕೆಂದಿದ್ದೇನೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಎಂಬುದು ಅದರ ಹೆಸರು. ವೃತ್ತಪತ್ರಿಕೆಯ ಕ್ರೀಡಾಪುಟದಲ್ಲಿ ಆ ಹೆಸರು ಕಂಡರೆ ನಮ್ಮಲ್ಲಿ ಬಹುಮಂದಿ ಪುಟ ಮಗುಚುತ್ತಾರೆ. ನಾನೂ ಬಹುಕಾಲ ಹಾಗೆಯೇ ಮಾಡುತ್ತಿದ್ದೆ. ಆಟವಿರುವುದು ಮೈದಾನದಲ್ಲಿ, ಕಚೇರಿಯಲ್ಲಿರುವುದು ಬರಿಯ ಕಾಗದ ಎಂದು ನನ್ನ ಭಾವನೆಯಾಗಿತ್ತು. ಆ ಭಾವನೆಯನ್ನು ಅಲುಗಿಸಿದ್ದು 2022ರ ಆಗಸ್ಟ್ ತಿಂಗಳಿನ ಒಂದು ಪ್ರಸಂಗ.

ಕೇರಳದ ಗೋಕುಲಂ ಕ್ಲಬ್ಬಿನ ಮಹಿಳಾ ತಂಡ ಏಷ್ಯಾದ ಕ್ಲಬ್ ಪಂದ್ಯಾವಳಿಯೊಂದರಲ್ಲಿ ಆಡುವುದಕ್ಕೆಂದು ಆಗ ತಾನೇ ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋಗಿ ಇಳಿದಿತ್ತು. ಭಾರತದ ಚಾಂಪಿಯನ್ನರಾಗಿ, ಆಡಿ ಗೆದ್ದು ಸಂಪಾದಿಸಿದ ಹಕ್ಕಿನಿಂದ ಆ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿದ್ದರು. ಅಲ್ಲಿಗೆ ತಲುಪುವಷ್ಟರಲ್ಲಿ, ವಿಶ್ವಸಂಸ್ಥೆಯಾದ ಫಿಫಾ ಭಾರತದ ಫೆಡರೇಷನ್ನನ್ನು ಅಮಾನತಿನಲ್ಲಿಟ್ಟಿದೆಯೆಂಬ ಸುದ್ದಿ ಬಂತು. ಫೆಡರೇಷನ್ನಿಗೆ ಮನ್ನಣೆ ಇಲ್ಲವೆಂದ ಮೇಲೆ ಅದರ ಕೆಳಗಿನ ಯಾವ ಕ್ಲಬ್ಬಿಗೂ ಮನ್ನಣೆ ಇಲ್ಲ. ಅವರ ಕಾಲಿನಲ್ಲಿ ಶಕ್ತಿಯಿತ್ತು, ಪೆಟ್ಟಿಗೆಯಲ್ಲಿ ಬೂಟಿತ್ತು, ಊರಿನಲ್ಲಿ ಮೈದಾನವೂ ಇತ್ತು. ಇಲ್ಲದೆ ಹೋದದ್ದು ದೆಹಲಿಯ ಕಚೇರಿಯೊಂದರ ಮೊಹರು. ಒಂದು ಪಂದ್ಯವನ್ನೂ ಆಡದೆ ಅವರು ಹಿಂತಿರುಗಿದರು. ಆ ಕಾಗದಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬಂತೆಂದು ತಿಳಿಯುವ ಕುತೂಹಲ ನನಗೆ ಹುಟ್ಟಿದ್ದು ಆಗ.

ಇದರ ಮೂಲ ಇಂಗ್ಲೆಂಡಿನಲ್ಲಿದೆ. 1863ರ ಅಕ್ಟೋಬರಿನಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್ ಎಂಬ ಪಾನಗೃಹದಲ್ಲಿ ಕೆಲವು ಕ್ಲಬ್ಬುಗಳ ಜನ ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಎಂಬುದನ್ನು ಕಟ್ಟಿದರು. ಆವರೆಗೆ ಒಂದೊಂದು ಶಾಲೆಗೆ ಒಂದೊಂದು ನಿಯಮ. ಒಂದು ಕಡೆ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಇನ್ನೊಂದು ಕಡೆ ಕೂಡದು; ಒಂದು ಕಡೆ ಎದುರಾಳಿಯ ಮೊಳಕಾಲಿನ ಕೆಳಗೆ ಒದೆಯುವುದು ಪೌರುಷ, ಇನ್ನೊಂದು ಕಡೆ ಅಪರಾಧ. ಎರಡು ಊರಿನವರು ಎದುರುಬದುರಾಗಿ ಆಡಬೇಕಾದರೆ ಮೊದಲು ಯಾವ ಆಟವನ್ನು ಆಡುತ್ತಿದ್ದೇವೆಂದು ತೀರ್ಮಾನಿಸಬೇಕಾಗಿತ್ತು. ಆ ತೀರ್ಮಾನಕ್ಕಾಗಿ ಹುಟ್ಟಿದ್ದು ಸಂಘ. 1904ರಲ್ಲಿ ಪ್ಯಾರಿಸ್ಸಿನಲ್ಲಿ ಫಿಫಾ ಸ್ಥಾಪನೆಯಾಯಿತು. ಒಂದು ದೇಶಕ್ಕೆ ಒಂದೇ ಸಂಘ, ಆ ಸಂಘ ಒಪ್ಪಿದವನೇ ಆಟಗಾರ, ಒಪ್ಪಿದ ಪಂದ್ಯವೇ ಪಂದ್ಯ ಎಂಬ ವ್ಯವಸ್ಥೆ ಕ್ರಮೇಣ ಜಗತ್ತಿನಲ್ಲೆಲ್ಲ ಬೇರೂರಿತು. ಆಟಗಾರರ ನೋಂದಣಿ, ಕ್ಲಬ್ಬಿನಿಂದ ಕ್ಲಬ್ಬಿಗೆ ವರ್ಗಾವಣೆ, ರೆಫರಿಗಳ ತರಬೇತಿ ಮತ್ತು ಶ್ರೇಣಿ, ರಾಷ್ಟ್ರೀಯ ತಂಡದ ಆಯ್ಕೆ, ಜಗಳ ಬಂದಲ್ಲಿ ಶಿಕ್ಷೆ ಇವೆಲ್ಲವೂ ರಾಷ್ಟ್ರೀಯ ಸಂಘದ ಪಾಲಿಗೆ ಬಂದುವು. ಕೇಳಲು ಗುಮಾಸ್ತಗಿರಿಯಂತಿರುವ ಈ ಕೆಲಸ ಸರಿಯಾಗಿ ನಡೆದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಭಾರತದಲ್ಲಿ ಈ ಕಥೆ ಸ್ವಲ್ಪ ವಕ್ರವಾಗಿ ಸಾಗಿತು. ನಮ್ಮಲ್ಲಿ ಮೊದಲು ಬಂದದ್ದು ಪಂದ್ಯಾವಳಿಗಳು. 1888ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಬೊಂಬಾಯಿಯಲ್ಲಿ ರೋವರ್ಸ್ ಕಪ್. ಎರಡೂ ಬ್ರಿಟಿಷ್ ಪಲಟಣಗಳಿಗಾಗಿ ಹುಟ್ಟಿದವು. 1893ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿತವಾಯಿತು. ಹೆಸರಿನಲ್ಲಿ ಇಂಡಿಯಾ ಇದ್ದರೂ ಅದರ ಆಳ್ವಿಕೆ ನಡೆದದ್ದು ಬಂಗಾಳದಲ್ಲಿ. ಇಂದಿಗೂ ಪಶ್ಚಿಮ ಬಂಗಾಳದ ಸಂಘಕ್ಕೆ ಅದೇ ಹೆಸರು. ಆ ಸಂಘದ ಶೀಲ್ಡನ್ನು 1911ರ ಜುಲೈ 29ರಂದು ಮೋಹನ್ ಬಾಗಾನ್ ತಂಡದವರು ಈಸ್ಟ್ ಯಾರ್ಕ್‌ಷೈರ್ ಪಲಟಣವನ್ನು 2-1ರಿಂದ ಸೋಲಿಸಿ ಗೆದ್ದುದು ಎಲ್ಲರಿಗೂ ಗೊತ್ತಿರುವ ಸಂಗತಿ. ಒಬ್ಬನ ಹೊರತು ಮಿಕ್ಕವರೆಲ್ಲ ಬರಿಗಾಲಿನವರು. ಆ ದಿನದ ಬಗ್ಗೆ ಬೇಕಾದಷ್ಟು ಬರವಣಿಗೆ ಬಂದಿರುವುದರಿಂದ ನಾನದನ್ನು ವಿಸ್ತರಿಸುವುದಿಲ್ಲ.

ಅಷ್ಟಾಗಿ ಬರೆಯದೆ ಬಿಟ್ಟಿರುವುದು ಆ ನಂತರದ ಜಗಳವನ್ನು. ಮೂವತ್ತರ ದಶಕದ ಹೊತ್ತಿಗೆ ಆಟ ದೇಶದ ಮೂಲೆಮೂಲೆಗೆ ಹರಡಿತ್ತು. ಹೊರದೇಶದೊಡನೆ ಮಾತನಾಡುವ ಅಧಿಕಾರ ಮಾತ್ರ ಕಲ್ಕತ್ತೆಯಲ್ಲಿ ಉಳಿದಿತ್ತು. ಬೇರೆ ಪ್ರಾಂತಗಳವರಿಗೆ ಇದು ಸಹಿಸದಾಯಿತು. ಅಖಿಲ ಭಾರತಕ್ಕೆ ಮಾತನಾಡಬೇಕಾದದ್ದು ಅಖಿಲ ಭಾರತದ ಸಂಸ್ಥೆ, ಒಂದು ನಗರದ್ದಲ್ಲ ಎಂದು ಅವರ ವಾದ. ಆಟವನ್ನು ಬೆಳೆಸಿದವರು ನಾವು, ಈಗ ಯಜಮಾನಿಕೆ ಬೇಡುವವರು ನೀವೇ ಎಂದು ಕಲ್ಕತ್ತೆಯ ಪ್ರತಿವಾದ. ಎರಡರಲ್ಲೂ ಸತ್ಯವಿತ್ತೆಂದು ನನ್ನ ಅಭಿಪ್ರಾಯ. ಕೊನೆಗೆ 1937ರ ಜೂನ್ 23ರಂದು ಸಿಮ್ಲಾದ ಸೇನಾ ಪ್ರಧಾನ ಕಚೇರಿಯಲ್ಲಿ ಆರು ಪ್ರದೇಶಗಳ ಸಂಘಗಳ ಪ್ರತಿನಿಧಿಗಳು ಕಲೆತು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನನ್ನು ಸ್ಥಾಪಿಸಿದರು.

ಈ ಹುಟ್ಟಿನ ಜಾತಕವನ್ನು ಗಮನಿಸಬೇಕು. ಫೆಡರೇಷನ್ ಹುಟ್ಟಿದ್ದು ಪ್ರಾಂತಗಳ ನಡುವಿನ ರಾಜಿಯಾಗಿ. ಹೀಗಾಗಿ ಅದರ ಮನೆಯೊಳಗೆ ಕುರ್ಚಿಗಳು ಮೀಸಲಾದದ್ದು ಪ್ರಾಂತಗಳ ಸಂಘಗಳಿಗೆ. ಆಡುವವನು ಆ ಮನೆಯ ಸದಸ್ಯನಾಗಿರಲಿಲ್ಲ. ಅವನಿಗೆ ಬೂಟು ಕೊಡುವ ಕ್ಲಬ್ಬೂ ಸದಸ್ಯನಾಗಿರಲಿಲ್ಲ. ಅದೇ 1937ರಲ್ಲಿ, ಬೊಂಬಾಯಿಯ ರೋವರ್ಸ್ ಕಪ್ಪನ್ನು ಮೊತ್ತಮೊದಲ ಬಾರಿಗೆ ಒಂದು ಭಾರತೀಯ ತಂಡ ಗೆದ್ದಿತು. ಅದು ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಸಿಮ್ಲಾದ ಬೆಟ್ಟದ ಮೇಲೆ ನಿಯಮಾವಳಿ ಸಿದ್ಧವಾದ ವರ್ಷವೇ ದಂಡುಪ್ರದೇಶದ ಹುಡುಗರು ಗೋರಾ ಪಲಟಣಗಳ ಕಪ್ಪನ್ನು ದಕ್ಷಿಣಕ್ಕೆ ತಂದರು. ಎರಡು ಘಟನೆಗಳಿಗೂ ಪರಸ್ಪರ ಪರಿಚಯವಿದ್ದಂತೆ ಕಾಣುವುದಿಲ್ಲ.

ಫೆಡರೇಷನ್ ಮಾಡಿದ ಮೊದಲ ದೊಡ್ಡ ಕೆಲಸ, ಮತ್ತು ನನ್ನ ದೃಷ್ಟಿಯಲ್ಲಿ ಅದರ ಅತ್ಯುತ್ತಮ ಕೆಲಸ, 1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿ. ಕನ್ನಡಿಗರಾದ ನಾವು ಈ ಹೆಸರನ್ನು ಕೇಳಿ ಹರ್ಷಕ್ಕೆ ಸಂಬಂಧಿಸಿದ್ದೆಂದು ಭಾವಿಸುವುದುಂಟು. ಅದು ಒಂದು ಜಮೀನುದಾರಿಯ ಹೆಸರು. ಸಂತೋಷದ ಮಹಾರಾಜರೆನಿಸಿದ ಮನ್ಮಥನಾಥ ರಾಯ್ ಚೌಧುರಿಯವರು ಕಲ್ಕತ್ತೆಯ ಸಂಘದ ಅಧ್ಯಕ್ಷರಾಗಿದ್ದವರು. ಆ ಊರು ಇಂದು ಬಾಂಗ್ಲಾದೇಶದಲ್ಲಿದೆ. ಅವರ ನೆನಪಿನ ಕಪ್ಪಿಗಾಗಿ ಪ್ರಾಂತಗಳು ಪರಸ್ಪರ ಆಡತೊಡಗಿದವು. ಮೂರನೆಯ ಸ್ಥಾನಕ್ಕೆ ಕೊಡುವ ಸಂಪಂಗಿ ಕಪ್ ನಮ್ಮ ಮೈಸೂರು ಸಂಘದವರ ಕೊಡುಗೆ. ಸಂಪಂಗಿ ನಮ್ಮ ನಾಡಿನ ಆಟಗಾರ. ಮಹಾರಾಜರ ಹೆಸರಿನ ಕಪ್ಪಿನ ಪಕ್ಕದಲ್ಲಿ ಬರಿಯ ಆಟಗಾರನೊಬ್ಬನ ಹೆಸರೂ ಇರುವುದು ನನಗೆ ಸಂತೋಷದ ವಿಷಯ. ಇಲ್ಲಿ ಆ ಪದವನ್ನು ಕನ್ನಡದ ಅರ್ಥದಲ್ಲೇ ಬಳಸುತ್ತಿದ್ದೇನೆ.

ಮೈಸೂರು ಆ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು: 1946-47ರಲ್ಲಿ, 1952-53ರಲ್ಲಿ, ಮತ್ತೆ 1967-68 ಹಾಗೂ 1968-69ರಲ್ಲಿ ಸಾಲಾಗಿ. ಕೊನೆಯದನ್ನು ಗೆದ್ದದ್ದು ಬೆಂಗಳೂರಿನಲ್ಲೇ, ಬಂಗಾಳದ ಮೇಲೆ. ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ ಮೊದಲಾದ ಕಡೆಗಳಿಂದ ಜನ ನಡೆದೇ ಅಶೋಕನಗರದ ಮೈದಾನಕ್ಕೆ ಬರುತ್ತಿದ್ದ ಕಾಲ ಅದು. ಆಮೇಲೆ ರಾಜ್ಯದ ಹೆಸರು ಕರ್ನಾಟಕವಾಯಿತು, ಮತ್ತು ಕರ್ನಾಟಕ ಎಂಬ ಹೆಸರಿನಲ್ಲಿ ಆ ಕಪ್ಪು ನಮಗೆ ಸಿಕ್ಕಲು 2023ರ ಮಾರ್ಚ್ 4ರವರೆಗೆ ಕಾಯಬೇಕಾಯಿತು. ಮೇಘಾಲಯದ ಮೇಲೆ 3-2. ಫೈನಲ್ ನಡೆದದ್ದಾದರೂ ಎಲ್ಲಿ? ಸೌದಿ ಅರೇಬಿಯದ ರಿಯಾದ್ ನಗರದಲ್ಲಿ. ನಮ್ಮ ರಾಜ್ಯಗಳ ಪಂದ್ಯಾವಳಿಯ ಅಂತಿಮ ಪಂದ್ಯವನ್ನು ಪರದೇಶದಲ್ಲಿ ಆಡಿಸುವ ಕಲ್ಪನೆ ಫೆಡರೇಷನ್ನಿಗೆ ಹೊಳೆಯಿತು. ಅದರ ಔಚಿತ್ಯ ನನಗೆ ಇನ್ನೂ ಹೊಳೆದಿಲ್ಲ. 54 ವರ್ಷ ಕಾದ ಗೆಲುವನ್ನು ಗೌತಮಪುರದ ಯಾವ ಮುದುಕನೂ ಗ್ಯಾಲರಿಯಲ್ಲಿ ಕುಳಿತು ನೋಡಲಾಗಲಿಲ್ಲ.

ಮತ್ತೆ ಹಿಂದಕ್ಕೆ ಹೋಗೋಣ. 1948ರಲ್ಲಿ ಫೆಡರೇಷನ್ ಫಿಫಾದ ಸದಸ್ಯತ್ವ ಪಡೆಯಿತು. ಅದೇ ವರ್ಷ ಲಂಡನ್ ಒಲಿಂಪಿಕ್ಸಿನಲ್ಲಿ, ಹೆಚ್ಚಿನವರು ಬರಿಗಾಲಿನಲ್ಲೇ ಆಡಿದ ಭಾರತದ ತಂಡ ಫ್ರಾನ್ಸಿಗೆ 2-1ರಿಂದ ಸೋತಿತು. ನಮ್ಮ ಒಂದು ಗೋಲು ಸಾರಂಗಪಾಣಿ ರಾಮನ್ ಅವರದು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಇಷ್ಟು ಸಮೀಪ ಬಂದವರನ್ನು ಜಗತ್ತು ಗಮನಿಸಿತು.

ಇನ್ನು 1950ರ ವಿಶ್ವಕಪ್ಪಿನ ಕಥೆ. ಬರ್ಮಾ, ಫಿಲಿಪೀನ್ಸ್, ಇಂಡೋನೇಷ್ಯಾ ಹಿಂದೆ ಸರಿದದ್ದರಿಂದ ಭಾರತಕ್ಕೆ ಬ್ರೆಜಿಲ್‌ಗೆ ಹೋಗುವ ಅರ್ಹತೆ ತಾನಾಗಿ ದೊರೆಯಿತು. ಸ್ವೀಡನ್, ಇಟಲಿ, ಪರಾಗ್ವೆಗಳೊಡನೆ ಗುಂಪೂ ನಿಗದಿಯಾಯಿತು. ಭಾರತ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡದ್ದರಿಂದ ನಮ್ಮವರು ಹೋಗಲಿಲ್ಲವೆಂದು ಒಂದು ಕಥೆ ಹಬ್ಬಿ ಶಾಲೆಯ ಮಕ್ಕಳವರೆಗೂ ಇಳಿದಿದೆ. ಕಥೆ ಚೆನ್ನಾಗಿದೆ, ಅದರಲ್ಲಿ ಒಂದು ಸ್ವಾಭಿಮಾನವೂ ಇದೆ. ಆದರೆ ಅದು ನಿಜವಾದ ಕಾರಣವಾಗಿರಲಿಲ್ಲವೆಂದು ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದರು. ಪ್ರಯಾಣವೆಚ್ಚದ ಬಹುಭಾಗವನ್ನು ಭರಿಸಲು ಬ್ರೆಜಿಲಿನವರು ಮುಂದೆ ಬಂದಿದ್ದರು. ಆಯ್ಕೆಯ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಕಾಲವಿಲ್ಲ ಎಂಬವು ಫೆಡರೇಷನ್ ಕೊಟ್ಟ ಕಾರಣಗಳು. ಅದಕ್ಕಿಂತ ಮಿಗಿಲಾಗಿ, ಅಂದಿನ ನಮ್ಮ ಪದಾಧಿಕಾರಿಗಳ ಕಣ್ಣಿಗೆ ಒಲಿಂಪಿಕ್ಸೇ ಸರ್ವಸ್ವ. ವಿಶ್ವಕಪ್ ಎಂಬುದು ಏನೋ ಒಂದು ದೂರದ ಪಂದ್ಯಾವಳಿ. ಮುಂದೇನಾಗುವುದೆಂದು ಅಂದು ಬಲ್ಲವರು ಯಾರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೂ ಅಂದು ಹಡಗು ಹತ್ತಬೇಕಾಗಿದ್ದ ಆಟಗಾರರನ್ನು ಯಾರೂ ಕೇಳಲಿಲ್ಲ ಎಂಬುದನ್ನು ನಾನು ಮರೆಯಲಾರೆ. ಪುರುಷರ ವಿಶ್ವಕಪ್ಪಿನ ಅಂತಿಮ ಸುತ್ತಿನಲ್ಲಿ ಭಾರತ ಆಮೇಲೆ ಒಮ್ಮೆಯೂ ಆಡಿಲ್ಲ.

ಬರಿಗಾಲಿನ ಪ್ರಶ್ನೆ ಇತ್ಯರ್ಥವಾದದ್ದು ಎರಡು ವರ್ಷಗಳ ನಂತರ, ಹೆಲ್ಸಿಂಕಿಯಲ್ಲಿ. ಅಲ್ಲಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನಲ್ಲಿ ಹುಟ್ಟಿ ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಆಡುತ್ತಿದ್ದ ಅಹ್ಮದ್ ಖಾನ್. ಈ ಸೋಲಿನ ಬಳಿಕ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. ಆಡಳಿತ ಸಂಸ್ಥೆಯೊಂದು ಒಂದು ಸಾಲಿನ ನಿಯಮದಿಂದ ಆಟದ ಸ್ವರೂಪವನ್ನೇ ಬದಲಿಸಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದೇ ಸಂಸ್ಥೆ ಇನ್ನೊಂದು ಸಾಲನ್ನು ಬದಲಿಸಲು ಎಷ್ಟೋ ಕಾಲ ತೆಗೆದುಕೊಂಡಿತು. ಹೊರಗೆ 90 ನಿಮಿಷ ಆಡುವ ಪಂದ್ಯವನ್ನು ನಮ್ಮ ದೇಶದೊಳಗೆ ಬಹುಕಾಲ 70 ನಿಮಿಷಗಳಿಗೇ ಮುಗಿಸುತ್ತಿದ್ದರು. ಮಿಕ್ಕ 20 ನಿಮಿಷಗಳಿಗೆ ಬೇಕಾದ ಉಸಿರನ್ನು ನಮ್ಮವರು ವಿಮಾನದಿಂದ ಇಳಿದ ಮೇಲೆ ಸಂಪಾದಿಸಬೇಕಾಗಿತ್ತು.

ಇಷ್ಟಿದ್ದೂ ಐವತ್ತರ ದಶಕ ನಮ್ಮದಾಗಿತ್ತು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಎಂಬ ಉಪಾಧ್ಯಾಯರನ್ನು ಫೆಡರೇಷನ್ ತರಬೇತುದಾರರನ್ನಾಗಿ ಆರಿಸಿತು, ಮತ್ತು ಒಂದು ದಶಕಕ್ಕೂ ಹೆಚ್ಚು ಕಾಲ ಅವರನ್ನು ನಂಬಿತು. 1951ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ, ಆ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ, ಆ ತಂಡದಲ್ಲಿ ನಮ್ಮ ಅರುಮೈನಾಯಗಂ. ಮರುವರ್ಷ ರಹೀಮರು ಕ್ಯಾನ್ಸರಿನಿಂದ ತೀರಿಕೊಂಡರು. ಒಬ್ಬ ಮನುಷ್ಯ ಹೋದೊಡನೆ ಎಲ್ಲವೂ ಹೋಯಿತೆನ್ನುವುದು ಭಾವುಕತೆ. ಆದರೆ ಒಬ್ಬ ಮನುಷ್ಯ ಮಾಡಿದ್ದನ್ನು ವ್ಯವಸ್ಥೆಯಾಗಿ ಉಳಿಸುವ ಕೆಲಸವಿದೆಯಲ್ಲ, ಅದು ಸಂಸ್ಥೆಯದು. ಅದು ಆಗಲಿಲ್ಲ. 1960ರ ನಂತರ ಒಲಿಂಪಿಕ್ ಕಾಲ್ಚೆಂಡಿನಲ್ಲಿ ನಮ್ಮ ಹೆಸರಿಲ್ಲ. ಕ್ಲಬ್ಬುಗಳಿಗಾಗಿ ಫೆಡರೇಷನ್ ಕಪ್ ಆರಂಭವಾದದ್ದು 1977ರಲ್ಲಿ. ಮೊದಲ ವರ್ಷ ಅದನ್ನು ಗೆದ್ದದ್ದು ಮೋಹನ್ ಬಾಗಾನನ್ನು ಸೋಲಿಸಿದ ಬೆಂಗಳೂರಿನ ಐ.ಟಿ.ಐ., ದೂರವಾಣಿ ಕಾರ್ಖಾನೆಯ ತಂಡ. ರಾಷ್ಟ್ರೀಯ ಲೀಗ್ ಬಂದದ್ದು 1996ರಲ್ಲಿ, ಫೆಡರೇಷನ್ನಿನ ಅರವತ್ತನೆಯ ವರ್ಷ ಹತ್ತಿರವಾದಾಗ.

ಹೆಣ್ಣುಮಕ್ಕಳ ಆಟ ಈ ಮನೆಯ ಹೊರಗೇ ಬೆಳೆಯಿತು. 1975ರಲ್ಲಿ ಅವರಿಗಾಗಿ ಬೇರೊಂದು ಫೆಡರೇಷನ್ ಹುಟ್ಟಿತು. ಹಣವಿಲ್ಲದ, ಹೆಸರಿಲ್ಲದ ಆ ಏರ್ಪಾಟಿನಿಂದಲೇ ಅವರು ಏಷ್ಯಾ ಚಾಂಪಿಯನ್‌ಷಿಪ್ಪಿನಲ್ಲಿ ಎರಡು ಸಲ ಎರಡನೆಯ ಸ್ಥಾನ ಗಳಿಸಿದರು. ತೊಂಬತ್ತರ ದಶಕದ ಆರಂಭದ ಹೊತ್ತಿಗೆ ಅವರು ದೊಡ್ಡ ಮನೆಗೆ ಬಂದರು. ಬಂದ ಮೇಲೆ ಸುಖವಾಯಿತೇ ಎಂದರೆ, 2009ರಲ್ಲಿ, ಒಂದೂವರೆ ವರ್ಷ ಒಂದು ಪಂದ್ಯವನ್ನೂ ಆಡದ ತಂಡವೆಂದು ಫಿಫಾ ತನ್ನ ಶ್ರೇಯಾಂಕಪಟ್ಟಿಯಿಂದ ಭಾರತದ ಮಹಿಳೆಯರ ಹೆಸರನ್ನೇ ತೆಗೆದುಹಾಕಿತು. ಹೊರಗಿದ್ದಾಗ ಆಡಿದವರು ಒಳಗೆ ಬಂದ ಮೇಲೆ ಆಡದಾದರು.

ಈಗ 2022ಕ್ಕೆ ಬರುತ್ತೇನೆ. ಅಧ್ಯಕ್ಷಗಿರಿ ಒಬ್ಬೊಬ್ಬರ ಕೈಯಲ್ಲಿ ದೀರ್ಘಕಾಲ ನಿಲ್ಲುವುದು ಅಲ್ಲಿಯ ಸಂಪ್ರದಾಯವಾಗಿತ್ತು. ಪ್ರಿಯರಂಜನ್ ದಾಸ್‌ಮುನ್ಷಿಯವರು 1988ರಿಂದ 2008ರವರೆಗೆ ಇದ್ದರು, ಅವರ ಬಳಿಕ ಪ್ರಫುಲ್ ಪಟೇಲ್. ಇಬ್ಬರೂ ರಾಜಕಾರಣಿಗಳು. ಪಟೇಲರ ಮೂರನೆಯ ಅವಧಿ 2020ರ ಡಿಸೆಂಬರಿಗೆ ಮುಗಿದರೂ, ನಿಯಮಾವಳಿಯ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಗದ್ದರಿಂದ ಚುನಾವಣೆ ನಡೆಯಲಿಲ್ಲ. 2022ರ ಮೇ ತಿಂಗಳಿನಲ್ಲಿ ನ್ಯಾಯಾಲಯ ಆ ಆಡಳಿತವನ್ನು ಇಳಿಸಿ ಮೂವರ ಸಮಿತಿಯನ್ನು ನೇಮಿಸಿತು. ಮೂವರಲ್ಲಿ ಒಬ್ಬರು ಮಾಜಿ ಗೋಲ್‌ಕೀಪರ್ ಭಾಸ್ಕರ್ ಗಂಗೂಲಿ. ಆಗಸ್ಟಿನಲ್ಲಿ ಒಂದು ಹೊಸ ಏರ್ಪಾಟು ಮುಂದೆ ಬಂತು: ರಾಜ್ಯ ಸಂಘಗಳ ಪ್ರತಿನಿಧಿಗಳೊಡನೆ 36 ಮಂದಿ ಹೆಸರಾಂತ ಮಾಜಿ ಆಟಗಾರರೂ ಮತ ಹಾಕಬೇಕು, ಅವರಲ್ಲಿ 24 ಮಂದಿ ಪುರುಷರು, 12 ಮಂದಿ ಮಹಿಳೆಯರು. 1937ರಿಂದ ಮೊದಲ ಬಾರಿಗೆ ಆಡಿದವರಿಗೆ ಆ ಮನೆಯಲ್ಲಿ ಸರಿಸಮ ಸಂಖ್ಯೆಯ ಕುರ್ಚಿಗಳು ದೊರೆಯುವ ಸಂಭವ ಒದಗಿತು.

ಫಿಫಾ ಒಪ್ಪಲಿಲ್ಲ. ಅದರ ಕಟ್ಟಳೆಯ ಪ್ರಕಾರ ರಾಷ್ಟ್ರೀಯ ಸಂಘವನ್ನು ಅದರ ಸದಸ್ಯರೇ ನಡೆಸಬೇಕು, ಸರಕಾರವಾಗಲಿ ನ್ಯಾಯಾಲಯವಾಗಲಿ ಮೂರನೆಯವರು ಕೈಹಾಕಕೂಡದು. ಈ ಕಟ್ಟಳೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸರ್ವಾಧಿಕಾರಿಗಳು ತಮ್ಮ ಮಕ್ಕಳನ್ನೂ ಸೇನಾಪತಿಗಳನ್ನೂ ಕ್ರೀಡಾಸಂಘಗಳ ತಲೆಯ ಮೇಲೆ ಕೂರಿಸಿದ ದೇಶಗಳು ಜಗತ್ತಿನಲ್ಲಿವೆ. ಅಂಥಲ್ಲಿ ಈ ಕಟ್ಟಳೆ ಆಟಕ್ಕೆ ಕವಚ. ಆದರೆ ಅದೇ ಕವಚ, ಬಹುಕಾಲ ಕುಳಿತವರ ಕುರ್ಚಿಗೂ ಕವಚವಾಗಬಲ್ಲದು. ಅಮಾನತು ಪ್ರಕಟವಾಯಿತು. ತಾಷ್ಕೆಂಟಿನಲ್ಲಿದ್ದ ಹೆಣ್ಣುಮಕ್ಕಳು ಸುದ್ದಿ ಕೇಳಿದ್ದು ಆಗಲೇ. ಅಕ್ಟೋಬರಿನಲ್ಲಿ ಭಾರತದಲ್ಲೇ ನಡೆಯಬೇಕಾಗಿದ್ದ ಹದಿನೇಳರ ಒಳಗಿನ ಬಾಲಕಿಯರ ವಿಶ್ವಕಪ್ಪೂ ಕೈತಪ್ಪುವುದರಲ್ಲಿತ್ತು. ನ್ಯಾಯಾಲಯ ತನ್ನ ಸಮಿತಿಯನ್ನು ಹಿಂತೆಗೆದುಕೊಂಡಿತು, ಮಾಜಿ ಆಟಗಾರರ ಮತಗಳೂ ಹೋದವು; ಆಗಸ್ಟ್ 26ರಂದು ಅಮಾನತು ರದ್ದಾಯಿತು. ಬಾಲಕಿಯರ ಪಂದ್ಯಾವಳಿ ಉಳಿಯಿತು. ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ಇಬ್ಬರು ಮಾಜಿ ಆಟಗಾರರು ಎದುರಾದರು. ಗೋಲ್‌ಕೀಪರ್ ಆಗಿದ್ದ, ರಾಜಕೀಯ ಪಕ್ಷದಲ್ಲಿದ್ದ ಕಲ್ಯಾಣ್ ಚೌಬೆಯವರಿಗೆ 33 ಮತ. ಭಾರತದ ತಂಡಕ್ಕೆ ದೀರ್ಘಕಾಲ ನಾಯಕರಾಗಿದ್ದ ಬೈಚುಂಗ್ ಭೂಟಿಯಾ ಅವರಿಗೆ 1. ಆಟಗಾರನೊಬ್ಬ ಅಧ್ಯಕ್ಷನಾದದ್ದು ಅದೇ ಮೊದಲು ಎಂದು ಹಲವರು ಸಂಭ್ರಮಪಟ್ಟರು. ನಾನು ಆ ಒಂದು ಮತವನ್ನು ಕುರಿತು ಯೋಚಿಸುತ್ತಿದ್ದೆ. ಭೂಟಿಯಾ ಅವರು ಆಡಿದ ಪಂದ್ಯಗಳಿಗೆ ಮೈದಾನ ತುಂಬಿಸಿದ್ದ ಜನರಲ್ಲಿ ಒಬ್ಬರಿಗೂ ಆ ಕೋಣೆಯಲ್ಲಿ ಮತವಿರಲಿಲ್ಲ.

ಹೊಸ ನಿಯಮಾವಳಿಗೆ ನ್ಯಾಯಾಲಯದ ಒಪ್ಪಿಗೆ ಸಿಕ್ಕಿದ್ದು 2025ರ ಸೆಪ್ಟೆಂಬರ್ 19ರಂದು. ಮಾಜಿ ಕ್ರೀಡಾಪಟುಗಳಿಗೆ ಅದರಲ್ಲಿ ಸ್ಥಾನ ದೊರೆತಿದೆ. ಆ ಒಪ್ಪಿಗೆಗೆ ಕಾಯುತ್ತಿದ್ದ ದಿನಗಳಲ್ಲೇ ಇನ್ನೊಂದು ಕಾಗದದ ಕಾಲ ತೀರುತ್ತ ಬಂದಿತ್ತು. ಆಟದ ವಾಣಿಜ್ಯ ಹಕ್ಕುಗಳನ್ನು ಫೆಡರೇಷನ್ 2010ರಲ್ಲಿ 15 ವರ್ಷಗಳಿಗೆ, 700 ಕೋಟಿ ರೂಪಾಯಿಗಳಿಗೆ ಬಿಟ್ಟುಕೊಟ್ಟಿತ್ತು. ಅದನ್ನು ನವೀಕರಿಸುವ ಮಾತು ಮುಗಿಯದ್ದರಿಂದ 2025ರ ಜುಲೈ 11ರಂದು ಇಂಡಿಯನ್ ಸೂಪರ್ ಲೀಗಿನ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಕೆಲವು ಕ್ಲಬ್ಬುಗಳು ಆಟಗಾರರ ವೇತನವನ್ನೂ ನಿಲ್ಲಿಸಿದವು.

ಅದಕ್ಕೆ ಆರು ದಿನ ಮೊದಲು, ಜುಲೈ 5ರ ಸಂಜೆ, ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಿನಲ್ಲಿ ಭಾರತದ ಮಹಿಳೆಯರು ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ, ಅರ್ಹತಾ ಪಂದ್ಯಗಳನ್ನು ಆಡಿ ಗೆದ್ದು ಏಷ್ಯಾ ಕಪ್ಪಿಗೆ ಮೊದಲ ಬಾರಿಗೆ ಸ್ಥಾನ ಪಡೆದಿದ್ದರು. ಎರಡೂ ಗೋಲುಗಳು ಸಂಗೀತಾ ಬಾಸ್ಫೋರ್ ಅವರವು. ಮರುದಿನದ ಪತ್ರಿಕೆಯಲ್ಲಿ ಆ ಸುದ್ದಿಗೆ ನಾಲ್ಕು ಬೆರಳಿನಷ್ಟು ಜಾಗವಿತ್ತು. ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.